ದ್ರಾಕ್ಷಾರಸಶಾಲೆಯ ಪರಂಪರೆ: ಭೀಮಾತೀರದಿಂದ ಒಂದು ವಿಚಾರ



ಒಂದು ದ್ರಾಕ್ಷಾರಸಶಾಲೆಗೆ ಅದರದೇ ಆದ ಶೀಲವನ್ನು ಕೊಡುವವರು ಯಾರು ಎಂಬ ಪ್ರಶ್ನೆಯನ್ನು ಇಂದಿನ ದತ್ತಿ ಉಪನ್ಯಾಸಕ್ಕೆ ವಿಷಯವಾಗಿ ಆರಿಸಿಕೊಂಡಿದ್ದೇನೆ. ಬಂಡವಾಳವನ್ನು ತೊಡಗಿಸಿದ ಒಡೆಯನೋ, ಬಳ್ಳಿಯನ್ನು ಹೊತ್ತ ಭೂಮಿಯೋ, ಹಣ್ಣಿನ ರಸವನ್ನು ವೈನಾಗಿ ಪರಿಣಮಿಸುವಂತೆ ನಡೆಸುವ ತಜ್ಞನೋ, ಯಾವ ಪತ್ರದಲ್ಲಿಯೂ ಹೆಸರು ಅಚ್ಚಾಗದ ಕೂಲಿಕಾರನೋ ಎಂದು ಕೇಳುತ್ತ ಹೋದರೆ, ಉತ್ತರವು ಒಬ್ಬ ವ್ಯಕ್ತಿಯಲ್ಲಿ ನಿಲ್ಲದೆ, ಹಲವು ದಶಕಗಳ ಅವಧಿಯಲ್ಲಿ ಒಬ್ಬರಿಂದೊಬ್ಬರಿಗೆ ಸಂದುಬಂದ ವಿವೇಕದ ಇತಿಹಾಸವಾಗಿ ಹರಡಿಕೊಳ್ಳುತ್ತದೆ. ಈ ಇತಿಹಾಸವು ಎಲ್ಲಕ್ಕಿಂತ ಸ್ಫುಟವಾಗಿ ಗೋಚರಿಸುವುದು ಯೆಹೂದಿ ಧರ್ಮಶಾಸ್ತ್ರಕ್ಕೆ ಬದ್ಧವಾಗಿ ನಡೆಯುವ ಕೋಷರ್ ವೈನರಿಗಳಲ್ಲಿ. ಏಕೆಂದರೆ ಅಲ್ಲಿ ವೈನನ್ನು ರೂಪಿಸತಕ್ಕವನಿಗೇ ವೈನನ್ನು ಮುಟ್ಟುವ ಅಧಿಕಾರವಿಲ್ಲದಿರುವ ಪ್ರಸಂಗಗಳುಂಟು. ದೂರದ ಈ ವೃತ್ತಾಂತವು ಭೀಮಾತೀರದ ಒಕ್ಕಲಿಗೆ ಏನು ಹೇಳೀತೆಂಬುದನ್ನು ನಿಮ್ಮೊಡನೆ ವಿಚಾರಮಾಡಬೇಕೆಂಬುದು ನನ್ನ ಅಭಿಲಾಷೆ.

ಶರಣರ ನಾಡಿನಲ್ಲಿ, ಅರಳಗುಂಡಗಿಯ ಶರಣಬಸವೇಶ್ವರರ ದಾಸೋಹದ ನೆರಳಿನಲ್ಲಿ, ಮಾದಕ ಪಾನೀಯವನ್ನು ಕುರಿತು ಮಾತನಾಡುವುದು ಉಚಿತವೇ ಎಂದು ಕೆಲವರಿಗೆ ಸಂದೇಹ ಬಂದರೆ ಅದು ಸಹಜವೇ ಸರಿ. ಕುಡಿತದಿಂದ ಕೆಟ್ಟ ಸಂಸಾರಗಳನ್ನು ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕುಗಳ ಜನ ಕಣ್ಣಾರೆ ಕಂಡಿದ್ದಾರೆ; ಆ ದುಃಖವನ್ನು ಕಡೆಗಣಿಸಿ ಪಾನವನ್ನು ಪ್ರಶಂಸಿಸುವ ಉದ್ದೇಶ ನನಗಿಲ್ಲ. ನಾನು ವಿಚಾರಿಸಲು ಹೊರಟಿರುವುದು ಕಾಯಕವನ್ನು. ಹನ್ನೆರಡನೆಯ ಶತಮಾನದ ವಚನಕಾರರ ಸಾಲಿನಲ್ಲಿ ಹೆಂಡದ ಮಾರಯ್ಯನಿಗೂ ಸ್ಥಾನವಿದೆಯೆಂಬುದನ್ನು, ಅವನ ಕಾಯಕದ ಹೆಸರೇ ಅವನ ಹೆಸರಾಗಿ ಉಳಿದುಬಂದಿದೆಯೆಂಬುದನ್ನು ನೆನೆದರೆ, ಶರಣರ ಸಭೆಯಲ್ಲಿ ಈ ವಿಚಾರಕ್ಕೆ ಬಾಗಿಲು ಮುಚ್ಚಿರಲಿಲ್ಲವೆಂದು ತೋರುತ್ತದೆ. ಆಳಂದಕ್ಕೆ ನೆರೆಯದಾದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮದಿರಾಪಾನದ ಕ್ರೀಡೆಯನ್ನೂ ರಾಜವಿನೋದಗಳಲ್ಲೊಂದಾಗಿ ವರ್ಣಿಸಿದನು, ಭೀಮೆಯ ದಂಡೆಯ ಮೇಲೆ ಫಿರೋಜಾಬಾದನ್ನು ಕಟ್ಟಿಸಿದ ಬಹಮನಿ ಸುಲ್ತಾನ ಫಿರೋಜ್ ಷಹನ ಗುಣಗಳನ್ನು ಹೊಗಳಿದ ಇತಿಹಾಸಕಾರ ಫೆರಿಷ್ತನು, ಪಾನಾಸಕ್ತಿಯನ್ನು ಅವನ ದೋಷವೆಂದು ಬರೆದಿಟ್ಟನು. ಅರಮನೆಯ ಪಾನಗೋಷ್ಠಿಯ ವೃತ್ತಾಂತ ನಮಗೆ ಹೀಗೆ ಉಳಿದುಬಂದಿದೆ. ಅಲ್ಲಿನ ಪಾತ್ರೆಗಳನ್ನು ತುಂಬಿದ ರಸವನ್ನು ಕಾಸಿ, ಸೋಸಿ, ಮಾಗಿಸಿದವರ ಒಂದು ಹೆಸರೂ ಉಳಿದಿಲ್ಲ.

ಇನ್ನು ಬಳ್ಳಿಯ ವಿಷಯ. ನಮ್ಮ ಜಿಲ್ಲೆಯ ಕೀರ್ತಿ ತೊಗರಿಯದು. 2019ರಲ್ಲಿ ಕಲಬುರಗಿಯ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತುದನ್ನು ನೀವೆಲ್ಲರೂ ಬಲ್ಲಿರಿ. ದ್ರಾಕ್ಷಿಯ ಸಿರಿ ಪಶ್ಚಿಮಕ್ಕೆ, ವಿಜಯಪುರದ ಕಡೆಗೆ, ಇನ್ನೂ ಆಚೆಗೆ ಸೊಲ್ಲಾಪುರದ ಕಡೆಗೆ ಹೋದಂತೆ ಹೆಚ್ಚುತ್ತದೆ. ಆ ಸೀಮೆಯ ಒಕ್ಕಲಿಗರು ಬಳ್ಳಿಗೆ ವರ್ಷದಲ್ಲಿ ಎರಡು ಸಲ ಚಾಟ್ನಿ, ಎಂದರೆ ಕಡ್ಡಿ ಸವರುವಿಕೆ, ಮಾಡುವರು: ಬೇಸಗೆಯ ಏಪ್ರಿಲ್ ಚಾಟ್ನಿ ಕಡ್ಡಿಯನ್ನು ಬೆಳೆಸುವುದಕ್ಕೆ, ಮಳೆ ಹಿಂದೆಗೆದ ಮೇಲಿನ ಅಕ್ಟೋಬರ್ ಚಾಟ್ನಿ ಹಣ್ಣನ್ನು ಪಡೆಯುವುದಕ್ಕೆ. ಯೂರೋಪಿನ ಬಳ್ಳಿ ಹಿಮಗಾಲದಲ್ಲಿ ತಾನಾಗಿ ನಿದ್ರಿಸುತ್ತದೆ. ದಖ್ಖನಿನ ಬಳ್ಳಿಗೆ ನಿದ್ರೆಯೆಂಬುದಿಲ್ಲವಾದ್ದರಿಂದ ಕತ್ತರಿಯೇ ಅದಕ್ಕೆ ಋತುವನ್ನು ಬೋಧಿಸಬೇಕು. ಫ್ರಾನ್ಸಿನಲ್ಲಿ ಸೆಪ್ಟೆಂಬರಿನಲ್ಲಿ ನಡೆಯುವ ಕೊಯ್ಲು ನಮ್ಮಲ್ಲಿ ಜನವರಿಯಿಂದ ಮಾರ್ಚಿನವರೆಗೆ, ಬಿಸಿಲು ಏರತೊಡಗುವ ಕಾಲದಲ್ಲಿ ನಡೆಯುತ್ತದೆ. ಹಣ್ಣಿನಲ್ಲಿ ಸಕ್ಕರೆ ಬೇಗ ಕೂಡುತ್ತದೆ, ಹುಳಿ ಬೇಗ ಕುಗ್ಗುತ್ತದೆ. ಎರಡೂ ಸಮನಾಗುವ ನಾಲ್ಕಾರು ದಿವಸಗಳನ್ನು ಗುರುತಿಸತಕ್ಕ ಬುದ್ಧಿ ಪಠ್ಯಪುಸ್ತಕದಿಂದ ಬರತಕ್ಕದ್ದಲ್ಲ.

ಈ ವಿದ್ಯೆಯ ಕಾಠಿನ್ಯವೆಲ್ಲ ಇಲ್ಲಿಯೇ ಇದೆಯೆಂದು ನನ್ನ ತಿಳಿವಳಿಕೆ. ನೇಕಾರನು ಒಂದು ಸೀರೆಯಲ್ಲಿ ಮಾಡಿದ ತಪ್ಪನ್ನು ಮುಂದಿನ ವಾರದ ಸೀರೆಯಲ್ಲಿ ತಿದ್ದಿಕೊಳ್ಳಬಹುದು. ವೈನ್‌ಮೇಕರನಿಗೆ ವರ್ಷಕ್ಕೆ ಒಂದೇ ಸುಗ್ಗಿ. ಇಪ್ಪತ್ತೈದರ ಪ್ರಾಯದಲ್ಲಿ ಕೆಲಸಕ್ಕೆ ಸೇರಿ ಅರವತ್ತೈದಕ್ಕೆ ನಿವೃತ್ತನಾಗುವವನು ತನ್ನ ಆಯುಷ್ಯದಲ್ಲಿ ಕಾಣುವುದು ನಲವತ್ತು ಕೊಯ್ಲುಗಳನ್ನು ಮಾತ್ರ. ಅವುಗಳಲ್ಲಿ ಮಳೆ ಕೆಡಿಸಿದವು ಕೆಲವು, ರೋಗ ಕೆಡಿಸಿದವು ಕೆಲವು. ಹೀಗಿರುವಾಗ ಒಬ್ಬನ ಅನುಭವವು ಇನ್ನೊಬ್ಬನಿಗೆ ಸಲ್ಲದೆ ಹೋದರೆ, ಎರಡನೆಯವನು ಮೊದಲನೆಯವನ ಕೊಯ್ಲುಗಳನ್ನೆಲ್ಲ ಮತ್ತೊಮ್ಮೆ ಕಳೆಯಬೇಕಾಗುತ್ತದೆ.

ನಮ್ಮ ನಾಡಿನ ಉದಾಹರಣೆಯನ್ನು ನೋಡೋಣ. ಮುಂಬಯಿಯ ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರೆಂಚ್ ಬಳ್ಳಿಗಳು ಭಾರತದಲ್ಲಿ ಎಲ್ಲಿ ಒಗ್ಗಿಯಾವೆಂದು ಬಹುಕಾಲ ಪರೀಕ್ಷೆಗಳನ್ನು ನಡೆಸಿ, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ, ವೈನರಿಯನ್ನು ಸ್ಥಾಪಿಸಿದರು. ಅವರಿಗೆ ಮೊದಲು ಮಾರ್ಗದರ್ಶಕರಾದವರು ಶಾಂಪೇನ್ ಪ್ರಾಂತದ ಜಾರ್ಜ್ ವೆಸೆಲ್. ಯಾವ ಬಳ್ಳಿ, ಯಾವ ಎತ್ತರ, ಯಾವ ಮಣ್ಣು ಎಂಬ ಮೂಲಪ್ರಶ್ನೆಗಳಿಗೆ ಉತ್ತರವನ್ನು ಹುಡುಕಿದ್ದು ಆ ಕಾಲದ ಸಾಧನೆ. ಆಮೇಲೆ, ತೊಂಬತ್ತರ ದಶಕದಲ್ಲಿ, ಬೋರ್ಡೋ ಸೀಮೆಯ ಮಿಷೆಲ್ ರೋಲಾಂ ಸಲಹೆಗಾರರಾಗಿ ಬಂದರು. ‘ಲಾ ರಿಸರ್ವ್’ ಎಂಬ ಕೆಂಪು ವೈನು ಆ ಕಾಲದ ಫಲ. ಪರದೇಶದ ಈ ಪಂಡಿತರು ಬಂದು ಹೋಗುವವರು. ಪ್ರತಿದಿನವೂ ತೊಟ್ಟಿಗಳ ಮುಂದೆ ನಿಂತು ಅವರ ಉಪದೇಶವನ್ನು ನಂದಿಯ ಹವೆಗೆ ಹೊಂದಿಸತಕ್ಕ ಭಾರ ಅಭಯ್ ಕೇವಡ್ಕರ್ ಅವರಂತಹ ಭಾರತೀಯ ವೈನ್‌ಮೇಕರರದಾಗಿತ್ತು. ಕೇವಡ್ಕರ್ ಅವರು ಮುಂದೆ ಬಾರಾಮತಿಯ ಬಳಿಯ ಫೋರ್ ಸೀಸನ್ಸ್ ವೈನರಿಯನ್ನು ಕಟ್ಟುವ ಕಾರ್ಯಕ್ಕೆ ಹೋದರು. ನಂದಿಯಲ್ಲಿ ಕಲಿತ ಪಾಠವು ಹಾಗೆ ಭೀಮೆಯ ಕೊಳ್ಳಕ್ಕೆ ಬಂದಿತು. ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಅಭ್ಯಾಸಮಾಡಿದ ಮೂರನೆಯ ತಲೆಮಾರಿನ ಕರಿಷ್ಮಾ ಗ್ರೋವರ್ ಅವರು ತಾತನ ವೈನರಿಯಲ್ಲಿ ಸ್ವತಃ ವೈನ್‌ಮೇಕರ್ ಆದರು. 2012ರಲ್ಲಿ ಸಂಸ್ಥೆಯು ನಾಸಿಕದ ವ್ಯಾಲಿ ದ ವ್ಯಾನ್ ಎಂಬ ಸಂಸ್ಥೆಯೊಡನೆ ಕೂಡಿ ಗ್ರೋವರ್ ಝಾಂಪಾ ಎಂದು ಹೆಸರಾಯಿತು.

ಸೊಲ್ಲಾಪುರ ಜಿಲ್ಲೆಯ ಅಕ್ಲೂಜು ನಮಗೆ ಇನ್ನೂ ಹತ್ತಿರ. ಅದರ ಮಗ್ಗುಲಲ್ಲಿ ಹರಿಯುವ ನೀರಾ ನದಿಯು ಭೀಮೆಯನ್ನು ಕೂಡಿ, ಪಂಢರಪುರವನ್ನು ದಾಟಿ, ಅಫಜಲಪುರ ತಾಲ್ಲೂಕಿನಲ್ಲಿ ಸೊನ್ನದ ಬ್ಯಾರೇಜಿಗೂ ಗಾಣಗಾಪುರದ ಸಂಗಮಕ್ಕೂ ಬರುತ್ತದೆ. ಅಲ್ಲಿನ ಫ್ರಾಟೆಲ್ಲಿ ವೈನರಿ ಮೂರು ಮನೆತನಗಳ ಸೋದರರ ಸಾಹಸ. ಸೇಖ್ರಿ, ಮೋಹಿತೆ ಪಾಟೀಲ, ಇಟಲಿಯ ಸೆಚ್ಚಿ. ಟಸ್ಕನಿಯಲ್ಲಿ ಪಳಗಿದ ಪಿಯೆರೊ ಮಾಸಿ ಅವರನ್ನು ಅವರು ವೈನ್‌ಮೇಕರರನ್ನಾಗಿ ಕರೆತಂದರು. ಟಸ್ಕನಿಯ ಸಾಂಜಿಯೊವೆಸೆ ಬಳ್ಳಿಯೂ ಅವರ ಹಿಂದೆಯೇ ಸೊಲ್ಲಾಪುರದ ಬಿಸಿಲಿಗೆ ಬಂದಿತು. ತಮ್ಮ ಶ್ರೇಷ್ಠ ವೈನಿಗೆ ಅವರು ‘ಸೆಟ್ಟೆ’ ಎಂದು, ಏಳು ಮಂದಿಯ ನೆನಪಿಗಾಗಿ, ಹೆಸರಿಟ್ಟರು: ಆರು ಮಂದಿ ಸೋದರರು, ಏಳನೆಯವರು ಮಾಸಿ. ಸಂಬಳಕ್ಕೆ ಬಂದ ತಜ್ಞನನ್ನು ಮನೆಯವರ ಎಣಿಕೆಯಲ್ಲಿ ಸೇರಿಸಿದ ಈ ನಡೆಯಲ್ಲಿ ವ್ಯಾಪಾರದ ಜಾಣ್ಮೆಯಿದ್ದರೂ ಇರಲಿ, ನನಗೆ ಅದರ ಹಿಂದಿನ ಗೌರವಬುದ್ಧಿ ಪ್ರಿಯವಾಗಿದೆ.

ಈಗ ಕೋಷರ್ ವೈನರಿಯೊಳಗೆ ಪ್ರವೇಶಿಸೋಣ. ದ್ರಾಕ್ಷಿ ಬಳ್ಳಿಯಲ್ಲಿರುವವರೆಗೆ ಅದನ್ನು ಯಾರು ಮುಟ್ಟಿದರೂ ಬಾಧಕವಿಲ್ಲ. ಹಣ್ಣು ಒಡೆದು ರಸ ಹರಿಯತೊಡಗಿದ ಗಳಿಗೆಯಿಂದ ಸೀಸೆಯ ಬಾಯಿಗೆ ಮುದ್ರೆ ಬೀಳುವವರೆಗೆ, ವಾರದ ವಿಶ್ರಾಂತಿದಿನವಾದ ಸಬ್ಬತ್ತಿನ ವ್ರತವನ್ನು ಪಾಲಿಸುವ ಯೆಹೂದಿಗಳ ಹೊರತು ಮತ್ತಾರೂ ಅದನ್ನು ಮುಟ್ಟಕೂಡದು. ತೊಟ್ಟಿಯ ನಲ್ಲಿಯನ್ನು ತಿರುವಕೂಡದು, ಪಂಪಿನ ಗುಂಡಿಯನ್ನು ಒತ್ತಕೂಡದು, ಓಕ್ ಪೀಪಾಯಿಯ ಬಿರಡೆಯನ್ನು ತೆಗೆಯಕೂಡದು. ಹುದುಗಿಗೆ ಹಾಕುವ ಈಸ್ಟು, ರಸವನ್ನು ತಿಳಿಗೊಳಿಸುವ ದ್ರವ್ಯ ಎಲ್ಲವೂ ಶಾಸ್ತ್ರಸಮ್ಮತವಾಗಿರಬೇಕು. ಪ್ರಾಣಿಜನ್ಯವಾದ ಸರೇಸಿಗೆ ಬದಲಾಗಿ ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ಬಳಸುವುದು ರೂಢಿ. ಇಸ್ರೇಲಿನ ನೆಲದಲ್ಲಿ ಬೆಳೆದ ದ್ರಾಕ್ಷಿಗಾದರೆ ಇನ್ನೂ ಕೆಲವು ಕಟ್ಟಳೆಗಳು: ನೆಟ್ಟ ಮೇಲೆ ಮೊದಲ ಮೂರು ವರ್ಷಗಳ ಫಲವನ್ನು ಉಪಯೋಗಿಸುವಂತಿಲ್ಲ, ಏಳನೆಯ ವರ್ಷ ಭೂಮಿಗೆ ವಿಶ್ರಾಂತಿ, ಹಿಂದೆ ದೇವಾಲಯಕ್ಕೆ ಸಲ್ಲುತ್ತಿದ್ದ ಪಾಲಿನ ಸ್ಮರಣೆಗಾಗಿ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚಾದ ಭಾಗವನ್ನು ನೆಲಕ್ಕೆ ಚೆಲ್ಲಿಬಿಡಬೇಕು. ವೈನನ್ನು ಕುದಿಸಿದರೆ ಮುಟ್ಟುವ ನಿರ್ಬಂಧ ಸಡಿಲವಾಗುತ್ತದೆ. ಕುದಿಸಿದರೆ ಪರಿಮಳ ಕೆಡುತ್ತದೆಂಬ ಕಾರಣಕ್ಕೆ ಈಗಿನವರು ರಸವನ್ನಾಗಲಿ ವೈನನ್ನಾಗಲಿ ಅಲ್ಪಕಾಲ ಮಾತ್ರ ತೀವ್ರ ಶಾಖಕ್ಕೆ ಒಡ್ಡಿ ಒಡನೆಯೇ ತಣಿಸುವ ಉಪಾಯವನ್ನು ಕಂಡುಕೊಂಡಿದ್ದಾರೆ.

ಗಾಣಗಾಪುರದ ಕ್ಷೇತ್ರಕ್ಕೆ ನಡೆದುಕೊಳ್ಳುವ ಮನೆಗಳಲ್ಲಿ ನೈವೇದ್ಯದ ಅಡಿಗೆ ಮಡಿಯಲ್ಲಿಯೇ ಆಗಬೇಕಷ್ಟೆ. ಮುಪ್ಪಿನಿಂದಲೋ ಕಾಯಿಲೆಯಿಂದಲೋ ಮಡಿಯಲ್ಲಿರಲಾರದ ಅಜ್ಜಿ ಹೊಸ್ತಿಲಾಚೆ ಕುಳಿತು, ಹೂರಣದ ಕಂಪಿನಿಂದಲೇ ಹದವನ್ನು ತಿಳಿದು, ‘ಉರಿ ತಗ್ಗಸವ್ವಾ, ಇನ್ನಷ್ಟು ಬೆಲ್ಲಾ ಹಾಕು’ ಎಂದು ಸೊಸೆಗೆ ಹೇಳುತ್ತಿರುತ್ತಾಳೆ. ಸೊಸೆಯ ಕೈಯಿಂದ ಆದರೂ ಆ ಹೂರಣ ಅಜ್ಜಿಯದೇ. ಕೋಷರ್ ವೈನರಿಯ ಎಷ್ಟೋ ಮಂದಿ ಮುಖ್ಯ ವೈನ್‌ಮೇಕರರ ಸ್ಥಿತಿ ಈ ಅಜ್ಜಿಯದು.

ಹರ್ಜೋಗ್ ಮನೆತನದ ಚರಿತ್ರೆ ಇದಕ್ಕೆ ನಿದರ್ಶನ. ಈಗಿನ ಸ್ಲೊವಾಕಿಯದಲ್ಲಿ ವೈನ್ ತಯಾರಿಸುತ್ತಿದ್ದ ಈ ಮನೆತನದ ಫಿಲಿಪ್ ಹರ್ಜೋಗ್, ಆಸ್ಟ್ರಿಯ-ಹಂಗೆರಿಯ ಚಕ್ರವರ್ತಿ ಫ್ರಾನ್ಸ್ ಜೋಸೆಫನ ಆಸ್ಥಾನಕ್ಕೆ ವೈನನ್ನು ಒದಗಿಸುತ್ತಿದ್ದರು. ಎರಡನೆಯ ಮಹಾಯುದ್ಧ ಆ ಲೋಕವನ್ನೇ ಅಳಿಸಿಹಾಕಿತು. 1948ರಲ್ಲಿ ಯೂಜೀನ್ ಹರ್ಜೋಗ್ ಸಂಸಾರಸಮೇತ ನ್ಯೂಯಾರ್ಕಿಗೆ ಬಂದು, ಇತರರ ವೈನ್ ಸಂಸ್ಥೆಯಲ್ಲಿ ದುಡಿದು, ಕ್ರಮೇಣ ಅದರ ಒಡೆತನವನ್ನೇ ಪಡೆದರು. ಆ ಕಾಲದ ಅಮೆರಿಕದ ಕೋಷರ್ ವೈನೆಂದರೆ ಕಾನ್‌ಕಾರ್ಡ್ ದ್ರಾಕ್ಷಿಯ, ಸಕ್ಕರೆ ಬೆರೆತ ಪಾಕ. ಹಬ್ಬದ ಪ್ರಾರ್ಥನೆಗೆ ಸಾಕು, ಊಟದ ಜೊತೆಗೆ ಅಲ್ಲ. ಅದನ್ನು ಬದಲಿಸಬೇಕೆಂದು ಮುಂದಿನ ತಲೆಮಾರು 1985ರಲ್ಲಿ ಕ್ಯಾಲಿಫೋರ್ನಿಯದಲ್ಲಿ ವೈನ್ ತಯಾರಿಕೆಯನ್ನು ಆರಂಭಿಸಿತು. ಮೊದಲು ಪೀಟರ್ ಸ್ಟರ್ನ್, ಆಮೇಲೆ ಜೋ ಹರ್ಲಿಮನ್ ಅದರ ವೈನ್‌ಮೇಕರರಾದರು. 2005ರಲ್ಲಿ ಆಕ್ಸ್‌ನಾರ್ಡಿನಲ್ಲಿ ದೊಡ್ಡ ವೈನರಿ ಎದ್ದಿತು. ಹರ್ಲಿಮನ್ ಯೆಹೂದಿಯಲ್ಲ. ದೀರ್ಘಕಾಲ ಅವರು ಕೋಷರ್ ಲೋಕದ ಹೆಸರುವಾಸಿಯಾದ ವೈನುಗಳನ್ನು ರೂಪಿಸಿದರು, ಪೀಪಾಯಿಯೊಂದನ್ನೂ ತಮ್ಮ ಕೈಯಿಂದ ತೆರೆಯದೆ. ವ್ರತಸ್ಥನಾದ ಸಹಾಯಕನು ರಸವನ್ನು ತೆಗೆದು ಲೋಟಕ್ಕೆ ಎರೆಯಬೇಕಾಗಿತ್ತು. ಇವರು ಮೂಸಿ, ನಾಲಗೆಯ ಮೇಲಿಟ್ಟು, ಉಗುಳಿ, ಮುಂದಿನ ಕ್ರಮವನ್ನು ಹೇಳಬೇಕಾಗಿತ್ತು. ಆ ಮಾತನ್ನು ಸಹಾಯಕನು ಕಾರ್ಯಕ್ಕೆ ತರಬೇಕಾಗಿತ್ತು.

ಇಂತಹ ವ್ಯವಸ್ಥೆಯಲ್ಲಿ ವೈನ್‌ಮೇಕರನು ತನ್ನ ಮನಸ್ಸಿನಲ್ಲಿರುವುದನ್ನೆಲ್ಲ ಬಾಯಿಬಿಟ್ಟು ಹೇಳಲೇಬೇಕಾಗುತ್ತದೆ. ಸ್ವತಃ ನಲ್ಲಿಯನ್ನು ತಿರುವಬಲ್ಲವನು ಕಾರಣವನ್ನು ಹೇಳದೆ ತಿರುವಿಬಿಡುತ್ತಾನೆ. ಅವನು ಹೋದ ದಿನ ಅವನ ವಿದ್ಯೆಯೂ ಹೋಗುತ್ತದೆ. ತಿರುವಲಾಗದವನು ಪ್ರತಿದಿನವೂ ಏಕೆ, ಎಷ್ಟು, ಯಾವಾಗ ಎಂಬುದನ್ನು ಇನ್ನೊಬ್ಬನಿಗೆ ಅರ್ಥಮಾಡಿಸುತ್ತ, ತನಗೆ ಅರಿವಿಲ್ಲದೆಯೇ ಗುರುವಾಗುತ್ತಾನೆ. ಬೇರೆ ಉದ್ದೇಶದಿಂದ ಹುಟ್ಟಿದ ನಿರ್ಬಂಧವು ಹೀಗೆ ವಿದ್ಯಾದಾನಕ್ಕೆ ಕಾರಣವಾದುದು ನನಗೆ ಈ ಇತಿಹಾಸದ ಅತ್ಯಂತ ಬೆಲೆಯುಳ್ಳ ಅಂಶವಾಗಿ ಕಾಣುತ್ತದೆ. 2003ರಲ್ಲಿ ಹರ್ಜೋಗ್ ವೈನರಿಯಲ್ಲಿಯೇ ತಮ್ಮ ‘ಕವನೆಂಟ್’ ವೈನನ್ನು ಆರಂಭಿಸಿದ ಜೆಫ್ ಮಾರ್ಗನ್ ಯೆಹೂದಿಗಳಾದರೂ ಆಗ ವ್ರತಸ್ಥರಾಗಿರಲಿಲ್ಲವಾದ್ದರಿಂದ ಅವರೂ ಇದೇ ನಿಯಮಕ್ಕೆ ಒಳಗಾದರು. ಮುಂದೆ ಜೊನಾಥನ್ ಹೈದು ಅವರು ಅಲ್ಲಿ ಅವರ ಕೈಯಾದರು, ಮತ್ತು ಸ್ವಂತ ಹೆಸರಿನ ವೈನ್‌ಮೇಕರರೂ ಆದರು. ಜೆರುಸಲೇಮಿನ ಬೆಟ್ಟಗಳಲ್ಲಿ ‘ಕಾಸ್ಟೆಲ್’ ವೈನರಿಯನ್ನು ಕಟ್ಟಿದ ಎಲಿ ಬೆನ್ ಝಾಕೆನ್ ಅವರು ಮೊದಲ ವೈನನ್ನು 1992ರ ದ್ರಾಕ್ಷಿಯಿಂದ ತಯಾರಿಸಿದಾಗ ಅದು ಕೋಷರ್ ಆಗಿರಲಿಲ್ಲ. ಸುಮಾರು ಹತ್ತು ವರ್ಷಗಳ ಮೇಲೆ ಅದನ್ನು ಕೋಷರ್ ಕ್ರಮಕ್ಕೆ ತಿರುಗಿಸಿದರು. ಮನೆಮಟ್ಟದಲ್ಲಿ ಆರಂಭಿಸಿದ ಈ ಕೆಲಸ ಇಂದು ಮಕ್ಕಳ ತಲೆಮಾರಿಗೆ ಸಂದಿದೆ.

ಆದರೆ ಇದರ ಮತ್ತೊಂದು ಮುಖವನ್ನು ಮರೆಮಾಚಿ ಮಾತನಾಡಿದರೆ ಕಲ್ಯಾಣದ ನೆರೆಯಲ್ಲಿ ನಿಂತವನಿಗೆ ಅದು ಶೋಭಿಸದು. ಅನ್ಯದೇವತೆಗೆ ಅರ್ಪಿತವಾದ ಮದ್ಯ ತಮ್ಮ ಪಾತ್ರೆಗೆ ಬಾರದಿರಲೆಂಬ ಪ್ರಾಚೀನ ಶಂಕೆಯಿಂದ, ಪರರೊಡನೆ ಪಾನದ ಸಲಿಗೆಯಿಂದ ಕುಲಸಂಕರವಾಗದಿರಲೆಂಬ ಎಚ್ಚರದಿಂದ ಈ ನಿಯಮ ಹುಟ್ಟಿತು. ಚದುರಿಹೋದ ಅಲ್ಪಸಂಖ್ಯಾತ ಜನಾಂಗವೊಂದು ತನ್ನತನವನ್ನು ಉಳಿಸಿಕೊಂಡ ಬಗೆಯೆಂದು ಅದನ್ನು ಸಹಾನುಭೂತಿಯಿಂದ ತಿಳಿಯಬಹುದು. ಅದೇ ನಿಯಮ ತನ್ನವರ ಮೇಲೆಯೇ ತಿರುಗಿದರೆ? 2018ರಲ್ಲಿ ಇಸ್ರೇಲಿನ ದೊಡ್ಡ ವೈನರಿಗಳಲ್ಲೊಂದಾದ ಬರ್ಕನಿನಲ್ಲಿ, ಹೆಚ್ಚು ಕಟ್ಟುನಿಟ್ಟಾದ ಧಾರ್ಮಿಕ ಪ್ರಮಾಣಪತ್ರವನ್ನು ಪಡೆಯುವ ಸಲುವಾಗಿ, ಇಥಿಯೋಪಿಯ ಮೂಲದ ಯೆಹೂದಿ ಕೆಲಸಗಾರರನ್ನು ವೈನಿನ ಸಂಪರ್ಕಕ್ಕೆ ಬಾರದ ಕೆಲಸಗಳಿಗೆ ಸರಿಸಿದ ಸಂಗತಿ ಬಯಲಿಗೆ ಬಂತು. ಅವರ ಯೆಹೂದಿತನವೇ ಆ ಪ್ರಮಾಣಕರ್ತರಿಗೆ ಸಂಶಯಾಸ್ಪದವಾಗಿತ್ತು. ದೇಶದಲ್ಲೆಲ್ಲ ಆಕ್ರೋಶ ಎದ್ದಿತು. ಅಲ್ಲಿನ ಆಗಿನ ಮುಖ್ಯ ಧರ್ಮಗುರುಗಳಾದ ರಬ್ಬಿಗಳಲ್ಲೊಬ್ಬರಾಗಿದ್ದ ಯಿಟ್ಸಾಕ್ ಯೊಸೆಫರೇ ಅದನ್ನು ವರ್ಣಭೇದವೆಂದು ಖಂಡಿಸಿದರು. ಸಂಸ್ಥೆ ಹಿಂದೆ ಸರಿಯಿತು. ಆ ಕೆಲಸಗಾರರಿಗೆ ಆದ ಅವಮಾನವನ್ನು ಈ ಮಣ್ಣಿನ ಜನರಿಗೆ ನಾನು ವಿವರಿಸಬೇಕಾದ ಅಗತ್ಯವಿಲ್ಲ. ಜೋ ಹರ್ಲಿಮನ್ ಮುಟ್ಟದಿದ್ದುದು ಒಪ್ಪಿಕೊಂಡ ಕರಾರಿನಿಂದ, ಅಧಿಕಾರ ಸಂಪೂರ್ಣವಾಗಿ ಕೈಯಲ್ಲಿದ್ದು. ಬರ್ಕನಿನ ಕೂಲಿಕಾರ ಮುಟ್ಟದಂತಾದುದು ಅವನ ಮಾನವನ್ನು ಕಸಿದುಕೊಂಡು. ಎರಡನ್ನೂ ಒಂದೇ ಧರ್ಮವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಮ್ಮ ದೇಶದಲ್ಲಿಯೂ ಈ ಪರಂಪರೆಯ ಒಂದು ಸರಳ ಶಾಖೆ ಉಂಟು. ಕೊಂಕಣದ ತೀರದಲ್ಲಿ ಶತಮಾನಗಳಿಂದ ಬಾಳಿದ ಬೆನೆ ಇಸ್ರೇಲ್ ಯೆಹೂದಿಗಳು, ದ್ರಾಕ್ಷಿಯ ವೈನು ದುರ್ಲಭವಾಗಿದ್ದುದರಿಂದ, ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಯಿಟ್ಟು, ಹಿಂಡಿ, ಸೋಸಿ, ಆ ಶರಬತ್ತಿನ ಮೇಲೆಯೇ ಶುಕ್ರವಾರ ಸಂಜೆಯ ಸಬ್ಬತ್ತಿನ ಮಂತ್ರವನ್ನು ಹೇಳುತ್ತ ಬಂದಿದ್ದಾರೆ. ಅಲ್ಲಿ ವೈನರಿಯಿಲ್ಲ, ಪಂಡಿತನಿಲ್ಲ. ಮನೆಯ ಹೆಂಗಸೇ ರಸವನ್ನು ಹದಕ್ಕೆ ತರುವವಳು, ಮಗಳಿಗೆ ಕಲಿಸುವವಳೂ ಅವಳೇ.

ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಸಾರಿ, ದ್ರಾಕ್ಷಾರಸ ಮಂಡಳಿಯನ್ನು ಸ್ಥಾಪಿಸಿ, ನಂದಿ ಕಣಿವೆ, ಕೃಷ್ಣಾ ಕಣಿವೆಗಳನ್ನು ವೈನ್ ದ್ರಾಕ್ಷಿಗೆ ಗುರುತಿಸಿತು. ಮರುವರ್ಷ ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದಿತು. ಭೀಮೆಯೂ ಕೃಷ್ಣೆಯ ಮಗಳೇ ಆದುದರಿಂದ ಈ ಮೂರು ತಾಲ್ಲೂಕುಗಳಲ್ಲಿಯೂ ಮುಂದೊಂದು ದಿನ ಕೆಲವರು ಕಬ್ಬಿನ ನೀರಿನಲ್ಲಿ ಸ್ವಲ್ಪವನ್ನು ಉಳಿಸಿ ಬಳ್ಳಿಗೆ ಹಾಯಿಸಿಯಾರು. ಹನಿ ನೀರಾವರಿಯ ಬಳ್ಳಿಗೆ ಕಬ್ಬಿಗಿಂತ ಬಹಳ ಕಡಿಮೆ ನೀರು ಸಾಕು. ಯಂತ್ರವನ್ನು ಸಾಲ ತಂದು ಕೊಳ್ಳಬಹುದು, ಸಸಿಯನ್ನು ಫ್ರಾನ್ಸಿನಿಂದ ತರಿಸಬಹುದು, ಪಂಡಿತನನ್ನು ವಿಮಾನದಲ್ಲಿ ಕರೆಸಬಹುದು. ಹತ್ತು ಕೊಯ್ಲುಗಳನ್ನು ಒಂದೇ ತೊಟ್ಟಿಯ ಮುಂದೆ ನಿಂತು ಕಂಡ ಮನುಷ್ಯನನ್ನು ಮಾತ್ರ ಕೊಳ್ಳುವ ಸಂತೆಯಿಲ್ಲ. ಆತನನ್ನು ಇಲ್ಲಿಯೇ ಬೆಳೆಸಬೇಕು, ಬೆಳೆದವನನ್ನು ಉಳಿಸಿಕೊಳ್ಳಬೇಕು.

ಆದರೆ ಪ್ರತಿವರ್ಷವೂ ಸುಗ್ಗಿ ಮುಗಿಯುತ್ತಲೇ ಜೇವರ್ಗಿಯ, ಅಫಜಲಪುರದ, ಆಳಂದದ ಹಳ್ಳಿಗಳಿಂದ ಸಂಸಾರಗಳು ಪುಣೆಗೂ ಮುಂಬಯಿಗೂ ಗುಳೆ ಹೋಗುತ್ತವೆ. ಚಾಟ್ನಿಯ ಕತ್ತರಿ ಹಿಡಿಯಬಲ್ಲ ಕೈ, ಗೊನೆಯಲ್ಲಿ ಯಾವ ಕಾಯನ್ನು ಉಳಿಸಿ ಯಾವುದನ್ನು ತೆಗೆಯಬೇಕೆಂದು ಒಂದು ನೋಟದಲ್ಲಿ ತಿಳಿಯಬಲ್ಲ ಹೆಣ್ಣುಮಗಳ ಕಣ್ಣು, ಕಟ್ಟಡದ ಕಲ್ಲು ಹೊರುವುದಕ್ಕೆ ಹೋಗುತ್ತದೆ. ತೋಟದ ಒಡೆಯನು ಅವರನ್ನು ದಿನಗೂಲಿಯ ಲೆಕ್ಕದಿಂದ ಮಾತ್ರ ನೋಡಿದರೆ, ಮುಂದಿನ ಅಕ್ಟೋಬರಿನಲ್ಲಿ ಹೊಸ ಕೈಗೆ ಮೊದಲಿನಿಂದ ಕಲಿಸಬೇಕಾಗುತ್ತದೆ. ಬಳ್ಳಿ ಆ ಕಲಿಕೆಯ ದಂಡವನ್ನು ತೆರುತ್ತದೆ.

ಆದಕಾರಣ ಈ ದತ್ತಿಯನ್ನು ನಡೆಸುವ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು. ಈ ಮೂರು ತಾಲ್ಲೂಕುಗಳ ಒಕ್ಕಲುಮಕ್ಕಳಲ್ಲಿ, ಕೂಲಿಕಾರರ ಮಕ್ಕಳಲ್ಲಿ, ಗಂಡೂ ಹೆಣ್ಣೂ ಸೇರಿ ಕೆಲವರನ್ನು ಆರಿಸಿ, ನಂದಿಯಲ್ಲಾಗಲಿ, ಅಕ್ಲೂಜಿನಲ್ಲಾಗಲಿ, ಒಂದೆರಡು ತಿಂಗಳ ತರಬೇತಿಗೆಂದಲ್ಲದೆ, ಒಂದೇ ವೈನರಿಯಲ್ಲಿ ಮೂರು ನಾಲ್ಕು ಕೊಯ್ಲುಗಳನ್ನು ಪೂರ್ತಿಯಾಗಿ ಕಾಣುವಂತೆ ವೇತನಸಹಿತ ಕಳುಹಿಸಿರಿ. ಅಲ್ಲಿನ ಹಿರಿಯ ವೈನ್‌ಮೇಕರರಿಗೆ ಅವರನ್ನು ಕೈಯಾಳುಗಳಾಗಿ ಒಪ್ಪಿಸದೆ, ಕಾರಣವನ್ನು ಕೇಳುವ ಹಕ್ಕುಳ್ಳ ಶಿಷ್ಯರಾಗಿ ಒಪ್ಪಿಸಿರಿ. ಚಾಟ್ನಿಯ ದಿನ, ಮಳೆಯ ಪ್ರಮಾಣ, ಹಣ್ಣಿನ ಸಕ್ಕರೆ, ಹುಳಿ, ಹುದುಗಿನ ಶಾಖ, ತಪ್ಪಿದ್ದೆಲ್ಲಿ ಎಂಬುದನ್ನು ಅವರು ಕನ್ನಡದಲ್ಲಿ ಬರೆದಿಟ್ಟು, ಆ ದಿನಚರಿಗಳನ್ನು ದತ್ತಿಯನ್ನು ನಡೆಸುವ ಸಂಸ್ಥೆಯ ಗ್ರಂಥಭಂಡಾರಕ್ಕೆ ಪ್ರತಿವರ್ಷ ಸಲ್ಲಿಸಲಿ. ವೈನ್ ತಯಾರಿಕೆ ಇಲ್ಲಿ ನೆಲೆಗೊಳ್ಳದಿದ್ದರೂ, ಒಣದ್ರಾಕ್ಷಿ ಮಾಡುವವರಿಗೆ, ಊಟದ ದ್ರಾಕ್ಷಿ ಬೆಳೆಯುವವರಿಗೆ, ಆ ಬರಹ ಉಪಯೋಗಕ್ಕೆ ಬರುತ್ತದೆ. ಮೊದಲ ತಂಡವನ್ನು ಕಳುಹಿಸುವುದಾದರೆ ಅಕ್ಟೋಬರಿನ ಚಾಟ್ನಿಗೆ ಮುಂಚೆಯೇ ಕಳುಹಿಸಬೇಕು. ಕೊಯ್ಲನ್ನು ಮಾತ್ರ ಕಂಡವನಿಗೆ ಅರ್ಧ ವಿದ್ಯೆಯೂ ದೊರೆಯದು.